ಎತ್ತು ಕೊಟ್ಟು ರಟ್ಟು ತಂದವರು

ನಮ್ಮ ಮಂಡ್ಯ ಸೀಮೆಯಲ್ಲಿ ಎತ್ತು ಮಾರಿ ಟ್ರ್ಯಾಕ್ಟರ್ ಕೊಂಡವರಿದ್ದಾರೆ, ಎತ್ತು ಮಾರಿ ಮಗಳ ಮದುವೆ ಮಾಡಿದವರಿದ್ದಾರೆ, ಎತ್ತು ಮಾರಿ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತು ತಮ್ಮ ಮನೆಯವರ ಓಟೂ ಬೀಳದೆ ಸೋತ ಧೀರರೂ ಇದ್ದಾರೆ. ಆದರೆ ಎದೆಯೆತ್ತರದ ಹಳ್ಳಿಕಾರ್ ತಳಿಯ ಎತ್ತೊಂದನ್ನು ಕೊಟ್ಟು, ಬದಲಿಗೆ ಬಸ್ ಪಾಸಿನಷ್ಟಗಲದ ಒಂದು ರಟ್ಟಿನ ತುಂಡನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ ಮಹಾಪುರುಷರು, ನನಗೆ ತಿಳಿದ ಮಟ್ಟಿಗೆ, ಒಬ್ಬರೇ. ಅವರು ನನ್ನ ಷಡ್ಡಕರು. ಈ ವ್ಯವಹಾರ ಕುದುರಿಸುವಾಗ ಅವರು ಕುಡಿದಿರಲಿಲ್ಲ, ಜ್ವರದಲ್ಲಿರಲಿಲ್ಲ, ಯಾರೂ ಮಾಟ ಮಾಡಿಸಿರಲೂ ಇಲ್ಲ. ಪಕ್ಕದ ಟೇಬಲ್ಲಿನಲ್ಲಿ ನಾನೇ ಕೂತಿದ್ದೆ. ಆದಕಾರಣ ಈ ವಿಷಯದಲ್ಲಿ ನನ್ನದೇ ಅಧಿಕೃತ ಹೇಳಿಕೆ ಎಂದು ತಿಳಿಯತಕ್ಕದ್ದು.

ಷಡ್ಡಕ ಎಂಬ ಸಂಬಂಧವೇ ಒಂದು ವಿಚಿತ್ರ. ಅಣ್ಣತಮ್ಮಂದಿರು ಹುಟ್ಟಿನಿಂದ ಬರುತ್ತಾರೆ, ಹೆಂಡತಿಯನ್ನು ಹಿರಿಯರು ನೋಡಿ ತರುತ್ತಾರೆ. ಷಡ್ಡಕನನ್ನು ಮಾತ್ರ ಯಾರೂ ಕೇಳಿ ತಂದಿರುವುದಿಲ್ಲ. ಸೋಪಿನ ಪುಡಿಯ ಪೊಟ್ಟಣದಲ್ಲಿ ಚಮಚ ಬರುವಂತೆ ಹೆಂಡತಿಯ ಜೊತೆಗೆ ಬಂದಿರುತ್ತಾನೆ. ಹಾಗೆ ಬಂದವನೂ ನಾನೂ ಒಬ್ಬನೇ ಮಾವನ ನೊಗಕ್ಕೆ ಕಟ್ಟಿಸಿಕೊಂಡ ಎರಡು ಎತ್ತುಗಳು. ಇದು ನನ್ನ ಉಪಮೆಯಲ್ಲ, ಅವರದೇ. ನನ್ನ ಮದುವೆ ಗೊತ್ತಾದ ದಿನ, ನನ್ನಾಕೆಯ ಅಕ್ಕನನ್ನು ಅದಾಗಲೇ ಕೈಹಿಡಿದಿದ್ದ ಇವರು ನನ್ನನ್ನು ಚಪ್ಪರದ ಕೆಳಗೆ ನಿಲ್ಲಿಸಿ, ಸುತ್ತ ಒಂದು ಪ್ರದಕ್ಷಿಣೆ ಬಂದು, ಬೆನ್ನ ಮೇಲೆ ಅಂಗೈಯಿಂದ ಒಂದು ತಟ್ಟಿ, ಮಾವನವರಿಗೆ ಹೇಳಿದರಂತೆ: "ಮುಂಗಾಲು ವಸಿ ವೀಕು ಕಣ್ ಮಾವ. ಆದ್ರೆ ಸಾಧು. ಆಯಾಕಿಲ್ಲ, ಒದೆಯಾಕಿಲ್ಲ. ತಕ್ಕೊಳ್ಳಿ."

ಮಾವನವರು ತೆಗೆದುಕೊಂಡರು. ಮೇಷ್ಟ್ರಾಗಿದ್ದ ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಶಿಫಾರಸು ಅದೇ.

ಷಡ್ಡಕರದು ಚಿಕ್ಕರಸಿನಕೆರೆ ಪಕ್ಕದ ಒಂದು ಹಳ್ಳಿ. ಬೆಳೆಯುವುದು ಕಬ್ಬಾದರೂ ಬದುಕುವುದು ಎತ್ತಿಗಾಗಿ. ಸುತ್ತಿನ ಊರುಗಳಲ್ಲಿ ಯಾರೇ ಎತ್ತು ಕೊಳ್ಳಲಿ, ಇವರು ಬಂದು ಹಲ್ಲು ಹಿಡಿದು, ಗೊರಸು ಎತ್ತಿ, ಮೈಮೇಲಿನ ಸುಳಿ ನೋಡಿ ಹೂಂ ಅನ್ನುವವರೆಗೆ ವ್ಯಾಪಾರ ಮುಗಿಯುವುದಿಲ್ಲ. ಸುಳಿ ಎಂದರೆ ಕೂದಲು ಸುತ್ತಿಕೊಂಡಿರುವ ಜಾಗ. ಅದು ಇರಬೇಕಾದಲ್ಲಿ ಇದ್ದರೆ ಮನೆಗೆ ಶುಭ, ಇರಬಾರದ ಕಡೆ ಇದ್ದರೆ ಎತ್ತಿಗೂ ಯಜಮಾನನಿಗೂ ಕಷ್ಟ. ಈ ವಿದ್ಯೆಯನ್ನು ಅವರು ದನಕ್ಕಷ್ಟೇ ಮೀಸಲಿಟ್ಟಿದ್ದರೆ ಲೋಕಕ್ಕೆ ತೊಂದರೆ ಇರಲಿಲ್ಲ. ನಾನು ಹೊಸ ಸ್ಕೂಟರ್ ತಂದಾಗ ಅದರ ಹಿಂದೆ ಕೂತು ಬಹಳ ಹೊತ್ತು ದಿಟ್ಟಿಸಿ, "ಬಾಲದತ್ರ ಸುಳಿ ಸರಿಗಿಲ್ಲ ಮೇಷ್ಟ್ರೇ" ಎಂದರು. ಆ ವಾರವೇ ಯಾರೋ ಹಿಂದಿನಿಂದ ಗುದ್ದಿ ಇಂಡಿಕೇಟರ್ ಪುಡಿ ಮಾಡಿದರು. ಅಲ್ಲಿಂದಾಚೆ ನಮ್ಮ ಮನೆಗೆ ಫ್ರಿಜ್ಜು ಬಂದರೂ ಇವರನ್ನು ಕರೆಸಿ ಒಂದು ಸುತ್ತು ಹಾಕಿಸಿಯೇ ಪ್ಲಗ್ಗು ಹಾಕುವುದು.

ಇಂಥವರ ಕೊಟ್ಟಿಗೆಯಲ್ಲಿ ಇದ್ದ ಜೋಡಿ ಎಂಥದ್ದಿರಬೇಕು! ರಾಮ ಮತ್ತು ಭೀಮ. ನೊಗದ ಎಡಗಡೆ ರಾಮ, ಬಲಗಡೆ ಭೀಮ. ಕರುಗಳಾಗಿದ್ದಾಗಿನಿಂದ ಅಕ್ಕಪಕ್ಕ ಮೇದು, ಅಕ್ಕಪಕ್ಕ ಮಲಗಿ, ಒಂದು ಕಿವಿ ಆಡಿಸಿದರೆ ಇನ್ನೊಂದೂ ಕಿವಿ ಆಡಿಸುವಷ್ಟು ಹೊಂದಿಕೊಂಡ ಜೋಡಿ. ಚರ್ಮಗಂಟು ರೋಗ ಬಂದ ವರ್ಷ ರಾಮ ಹೋಯಿತು. ಭೀಮ ಉಳಿಯಿತು.

ಒಂಟಿ ಎತ್ತಿನಿಂದ ಉಳುವಂತಿಲ್ಲ, ಗಾಡಿ ಕಟ್ಟುವಂತಿಲ್ಲ. ಮಾರಿದರೆ ಕೊಳ್ಳುವವರು ಎಂಥವರು ಎಂಬುದು ಎಲ್ಲರಿಗೂ ಗೊತ್ತು, ಹೀಗಾಗಿ ಷಡ್ಡಕರು ಮಾರಲಿಲ್ಲ. ಹೊಸ ಜೊತೆ ತರೋಣವೆಂದು ಹೋದಲ್ಲೆಲ್ಲ ಒಂದೊಂದು ಎತ್ತಿಗೂ ಒಂದೊಂದು ಸುಳಿದೋಷ ಹಚ್ಚಿ ಬರಿಗೈಯಲ್ಲಿ ಬಂದರು. ಭೀಮ ಕೊಟ್ಟಿಗೆಯಲ್ಲಿ ತನ್ನ ಎಡಕ್ಕೆ ಒಂದು ಎತ್ತಿನ ಜಾಗ ಬಿಟ್ಟೇ ನಿಲ್ಲುತ್ತಿತ್ತು. ಮೇವು ಹಾಕಿದರೆ ಅರ್ಧ ತಿಂದು, ಉಳಿದರ್ಧವನ್ನು ಎಡಕ್ಕೆ ಬಿಟ್ಟು ಸುಮ್ಮನಾಗುತ್ತಿತ್ತು. ದಿನಾ ಸಂಜೆ ಷಡ್ಡಕರು ಅದನ್ನು ನಾಲೆ ಏರಿಯ ಮೇಲೆ ತಿರುಗಾಡಿಸಲು ಕರೆದೊಯ್ಯುವರು. ಭೀಮ ಏರಿಯ ಬಲಕ್ಕೆ ನಡೆದರೆ, ಇವರು ಅದರ ಎಡಕ್ಕೆ, ರಾಮ ನಡೆಯುತ್ತಿದ್ದ ಜಾಗದಲ್ಲಿ, ಹೆಗಲು ತಗುಲಿಸಿಕೊಂಡು ನಡೆಯುವರು.

"ಊರೋರೆಲ್ಲ ನಾಯಿ ಇಡ್ಕಂಡು ವಾಕಿಂಗ್ ಓಯ್ತಾರೆ, ನಮ್ಮೋರು ಎತ್ತು ಇಡ್ಕಂಡು ಓಯ್ತಾರೆ" ಎಂದು ಅಕ್ಕ, ಅಂದರೆ ನನ್ನ ಹೆಂಡತಿಯ ಅಕ್ಕ, ಬಂದವರಿಗೆಲ್ಲ ಹೇಳಿಕೊಂಡು ಹಣೆ ಚಚ್ಚಿಕೊಳ್ಳುತ್ತಿದ್ದರು.

ಇನ್ನು ರಟ್ಟಿನ ವಿಷಯ. ಅವರ ಪಕ್ಕದ ಮನೆಯ ಕುಮಾರ ಗೆಜ್ಜಲಗೆರೆಯ ಒಂದು ಕಾರ್ಖಾನೆಗೆ ಬೈಕಿನಲ್ಲಿ ಹೋಗಿ ಬರುವವನು. ಅಲ್ಲಿ ಅವನೂ ಅವನ ಜೊತೆಗಾರರೂ ಶಿಫ್ಟ್ ಮುಗಿದ ಮೇಲೆ ಒಂದು ಕಾರ್ಡಿನ ಆಟ ಕಲಿತಿದ್ದರು. ಆಟದ ಇಂಗ್ಲಿಷ್ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ, ಅದಿರಲಿ. ಇಸ್ಪೀಟಿನಂತೆ ಎಲ್ಲರೂ ಒಂದೇ ಕಟ್ಟಿನಿಂದ ಆಡುವುದಲ್ಲ. ಪ್ರತಿಯೊಬ್ಬನೂ ತನ್ನ ತನ್ನ ಕಾರ್ಡುಗಳನ್ನು ಕೂಡಿಸಿ ಸ್ವಂತದೊಂದು ಕಟ್ಟು ಮಾಡಿಕೊಂಡು ಬರಬೇಕು. ಒಂದೊಂದು ಕಾರ್ಡಿನ ಮೇಲೂ ಒಂದೊಂದು ಮೃಗವೋ ವೀರನೋ ಇರುತ್ತಾನೆ. ನೀವು ನಿಮ್ಮ ಮೃಗ ಇಡುತ್ತೀರಿ, ಎದುರಿನವನು ಅವನದನ್ನು ಇಡುತ್ತಾನೆ, ಎರಡೂ ಕಾದಾಡುತ್ತವೆ. ಕಾರ್ಡುಗಳು ಮುಚ್ಚಿದ ಪೊಟ್ಟಣದಲ್ಲಿ ಬರುವುದರಿಂದ ಯಾರಿಗೆ ಯಾವುದು ಸಿಕ್ಕೀತು ಹೇಳಲಾಗದು. ಬೇಕಾದದ್ದು ಇನ್ನೊಬ್ಬನ ಹತ್ತಿರವಿದ್ದರೆ ನಮ್ಮದೇನಾದರೂ ಕೊಟ್ಟು ಬದಲಾಯಿಸಿಕೊಳ್ಳಬೇಕು.

ಅಕ್ಕ ನನ್ನನ್ನು ವಿಚಾರಣೆ ಮಾಡಿದ್ದರು: "ದುಡ್ಡು ಕಟ್ಟಿ ಆಡ್ತಾರಾ ಮೇಷ್ಟ್ರೇ?"

"ಇಲ್ಲಕ್ಕ."

"ಮತ್ಯಾಕ್ ಆಡ್ತಾರೆ?"

ನಾನು ನನ್ನ ಚಪ್ಪಲಿ ಹುಡುಕಿಕೊಂಡು ಎದ್ದೆ.

ಒಂದು ಭಾನುವಾರ ಕುಮಾರ ಜಗಲಿಯ ಮೇಲೆ ಕಾರ್ಡು ಹರಡಿಕೊಂಡಿದ್ದಾಗ ಷಡ್ಡಕರ ಕಣ್ಣು ಒಂದರ ಮೇಲೆ ಬಿತ್ತು. ಬೆಟ್ಟದ ತುದಿಯಲ್ಲಿ, ಮೂಗಿನಿಂದ ಹೊಗೆ ಬಿಡುತ್ತ ನಿಂತಿದ್ದ ಒಂದು ಗೂಳಿ. ಕೈಗೆತ್ತಿಕೊಂಡರು. ಬೆಳಕಿಗೆ ಹಿಡಿದರು. ಕೊಂಬು ನೋಡಿದರು, ಹೆಗಲ ಮೇಲಿನ ಇಣಿಯ ಉಬ್ಬು ನೋಡಿದರು, ಹಿಂಗಾಲು ನೋಡಲೆಂದು ಕಾರ್ಡನ್ನು ತಿರುಗಿಸಿಯೂ ನೋಡಿದರು. ಹಿಂದೆ ಬರೀ ನೀಲಿ ಬಣ್ಣ.

"ಯಾರ್ದ್ಲಾ ಈ ಗೂಳಿ?"

"ನಂದೇ ಕಣಣ್ಣ. ಬಾಳ ಪವರ್ ಇರೋ ಕಾರ್ಡು. ಜಲ್ದಿ ಸಿಗಾಕಿಲ್ಲ."

"ಸುಳಿ ಚೆನ್ನಾಗೈತೆ. ಏನ್ ತಕ್ಕತೀಯ, ಯೋಳು" ಎಂದವರೇ ಹೆಗಲ ಮೇಲಿನ ಟವಲು ತೆಗೆದು ಕುಮಾರನ ಕೈಯ ಮೇಲೆ ಹೊದಿಸಿದರು.

ದನದ ಜಾತ್ರೆಯಲ್ಲಿ ವ್ಯಾಪಾರ ನಡೆಯುವ ಕ್ರಮ ಇದು. ಕೊಳ್ಳುವವನೂ ಮಾರುವವನೂ ಟವಲಿನಡಿ ಕೈಗೆ ಕೈ ಕೊಟ್ಟು ಬೆರಳು ಹಿಡಿಯುತ್ತಾರೆ. ಬೆರಳೇ ಬೆಲೆ. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ಗೊತ್ತಾಗದು, ಆಮೇಲೂ ಹೇಳುವಂತಿಲ್ಲ. ಪಾಪ, ಕುಮಾರನಿಗೆ ಇದೇನು ಗೊತ್ತು? ಅಣ್ಣ ಪ್ರೀತಿಯಿಂದ ಕೈಕುಲುಕುತ್ತಿದ್ದಾರೆಂದು ತಿಳಿದು ಅವನೂ ಜೋರಾಗಿ ಕುಲುಕಿದ. ಟವಲು ತೆಗೆದಾಗ ವ್ಯಾಪಾರ ಮುಗಿದಿತ್ತು. ಅವನ ಅತಿ ಬಲಶಾಲಿ ಕಾರ್ಡು ಷಡ್ಡಕರ ಜೇಬಿನಲ್ಲಿತ್ತು. ಮಾರನೆಯ ಬೆಳಿಗ್ಗೆ ಅವನ ಮನೆ ಬಾಗಿಲಲ್ಲಿ ಅವನು ಕೇಳದಿದ್ದ ಒಂದು ಗಾಡಿ ತಿಪ್ಪೆಗೊಬ್ಬರವಿತ್ತು.

ಹೀಗೆ ಷಡ್ಡಕರು ಕ್ರೀಡಾರಂಗ ಪ್ರವೇಶಿಸಿದರು. ಬಹಳ ಬೇಗ ಕಲಿತರು. ಎದುರಿನವನ ಮೃಗದ ಬಲಾಬಲ ತೂಗುವುದರಲ್ಲಿ ಅವರಿಗೆ ಸಮ ಯಾರಿದ್ದರು? ಡ್ರ್ಯಾಗನ್ನುಗಳನ್ನು ಮಾತ್ರ ಕಡೆಯವರೆಗೂ ಗೌರವಿಸಲಿಲ್ಲ, ಅವರ ಕಣ್ಣಿಗೆ ಅವು ಬರೀ ಹಲ್ಲಿಗಳು. "ಈ ಅಲ್ಲಿಗೆ ಮೇವು ಏನ್ ಆಕ್ತೀರ್ಲಾ?" ಎಂದು ಕೇಳುವರು. ಕಾರ್ಖಾನೆಯ ಆ ದೊಡ್ಡ ದೊಡ್ಡ ಆಳುಗಳು ತಮ್ಮ ಡ್ರ್ಯಾಗನ್ನನ್ನೇ ಅನುಮಾನದಿಂದ ನೋಡುವರು.

ಆದರೆ ಒಂದು ಹಟವಿತ್ತು. ತಮ್ಮ ಕಟ್ಟಿನ ಅತಿ ದೊಡ್ಡ ಆಯುಧವಾದ ಆ ಗೂಳಿಯನ್ನು ಅವರು ಒಮ್ಮೆಯೂ ಆಡಲಿಲ್ಲ.

"ಅಣ್ಣೋ, ಅದನ್ನೊಂದು ಇಕ್ಕಿದ್ರೆ ಗೆಲ್ತಿದ್ರಿ!" ಎಂದು ಕುಮಾರ ಕೂದಲು ಕಿತ್ತುಕೊಳ್ಳುವನು.

"ಇರಾದು ಒಂದೇ. ಜೋಡಿ ಸಿಗ್ಲಿ, ಇಕ್ಕಾನ. ಒಂಟಿ ಎತ್ತ ನೊಗಕ್ಕೆ ಊಡಾಕಿಲ್ಲ ಕಣ್ಲಾ ನಾನು."

"ಇದು ಎತ್ತಲ್ಲ, ಕಾರ್ಡು!"

"ನಿಂಗೆ ಕಾರ್ಡು."

ಜೋಡಿಗೂಳಿಗಾಗಿ ಕುಮಾರ ಮದ್ದೂರು, ಮಂಡ್ಯ ಎಲ್ಲ ಹುಡುಕಿಸಿದ. ಸಿಗಲಿಲ್ಲ.

ಹೀಗಿರುವಾಗ ದೊಡ್ಡದೊಂದು ಟೂರ್ನಮೆಂಟು ಘೋಷಣೆಯಾಯಿತು. ಬೆಂಗಳೂರಿನವರಿಗೂ ಮೈಸೂರಿನವರಿಗೂ ನಡುವೆ ಸಿಗುವ ಊರೆಂದು ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲೇ ಇಟ್ಟರು. ಮೂವರ ತಂಡ ಕಡ್ಡಾಯ. ಕುಮಾರ ಒಬ್ಬ, ಷಡ್ಡಕರು ಒಬ್ಬರು. ಮೂರನೆಯವನಾಗಿ ನನ್ನನ್ನು ಆರಿಸಲು ಎರಡು ಕಾರಣಗಳಿದ್ದವು: ಕಾರ್ಡಿನ ಮೇಲಿನ ಸಣ್ಣಕ್ಷರದ ಇಂಗ್ಲಿಷನ್ನು ಓದಿ ಹೇಳಬಲ್ಲೆ, ಮತ್ತು ರಿಟೈರಾದ್ದರಿಂದ ಬರುವುದಿಲ್ಲ ಎನ್ನಲು ನನಗೆ ನೆಪವಿರಲಿಲ್ಲ.

ಟೂರ್ನಮೆಂಟಿನ ದಿನ ಮಂಟಪಕ್ಕೆ ಹೋದರೆ ಹಿಂದಿನ ದಿನದ ಮದುವೆಯ ಹೂವಿನ ಕಮಾನು ಹಾಗೇ ಇತ್ತು. ನಮ್ಮ ಷಡ್ಡಕರು ಗರಿಗರಿ ಪಂಚೆ, ಬಿಳಿ ಅಂಗಿ, ಹೆಗಲಿಗೆ ಟವಲು. ಬಾಗಿಲ ಕಾವಲಿನವನು ಕೈಮುಗಿದು, "ಮದ್ವೆ ನೆನ್ನೇನೆ ಮುಗೀತಲ್ಲ ಬುದ್ಧಿ. ಗಂಡಿನ ಕಡೆಯೋರಾ, ಎಣ್ಣಿನ ಕಡೆಯೋರಾ?" ಎಂದ.

"ಗೂಳಿ ಕಡೆಯೋರು" ಎಂದು ಷಡ್ಡಕರು ಒಳಗೆ ನಡೆದರು.

ಒಳಗೆ ಊಟದ ಹಾಲಿನುದ್ದಕ್ಕೂ ಟೇಬಲ್ಲು ಹಾಕಿ, ಮುನ್ನೂರೋ ನಾನೂರೋ ಜನ ಎದುರುಬದುರು ಕೂತಿದ್ದರು. ಅಷ್ಟು ಜನ ಊಟದೆಲೆಯಿಲ್ಲದೆ ಸಾಲಾಗಿ ಕೂತದ್ದನ್ನು ಆ ಹಾಲು ಅದೇ ಮೊದಲು ಕಂಡಿರಬೇಕು. ಕ್ರಮ ಸರಳ: ಒಂದು ತಂಡದ ಮೂವರಿಗೂ ಇನ್ನೊಂದು ತಂಡದ ಮೂವರಿಗೂ ಒಬ್ಬರಿಗೊಬ್ಬರಂತೆ ಪಂದ್ಯ, ಇಬ್ಬರು ಗೆದ್ದರೆ ತಂಡ ಗೆದ್ದಂತೆ. ಸೋತ ತಂಡ ಮನೆಗೆ.

ನಮ್ಮ ತಂಡ ಗೆಲ್ಲುತ್ತ ಹೋಯಿತು! ನನ್ನಿಂದೇನಲ್ಲ. ಕುಮಾರ ಜೋಡಿಸಿಕೊಟ್ಟ ಕಟ್ಟು ಹಿಡಿದು ನಾನು ಪ್ರತಿ ಸುತ್ತಿನಲ್ಲೂ ನಿಷ್ಠೆಯಿಂದ ಸೋತೆ. ಕುಮಾರ ಆಡಿ ಗೆದ್ದ. ಷಡ್ಡಕರು ನೋಡಿ ಗೆದ್ದರು. ಆಟಕ್ಕೆ ಕೂರುವ ಮೊದಲು ಎದುರಾಳಿಯ ಕುರ್ಚಿಯನ್ನು ಒಂದು ಸುತ್ತು ಬಂದು, ಹಿಂದೆ ನಿಂತು ಬೆನ್ನು ನೋಡಿ, "ಊಂ" ಎಂದು ತಲೆಯಾಡಿಸಿ ಬಂದು ಕೂರುವರು. ಬೆಂಗಳೂರಿನಿಂದ ಬಂದ ಸಾಫ್ಟ್‌ವೇರಿನವನೊಬ್ಬ ಆಟದುದ್ದಕ್ಕೂ ತನ್ನ ಬೆನ್ನಿನಲ್ಲಿ ಏನಿದೆಯೆಂದು ಮುಟ್ಟಿ ನೋಡಿಕೊಳ್ಳುತ್ತಲೇ ಸೋತ.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಗೆದ್ದರೆ ಸ್ಟೇಜು ಎಂಬಲ್ಲಿಗೆ ಬಂದೆವು. ಸ್ಟೇಜೆಂದರೆ ಹಿಂದಿನ ದಿನ ಹೆಣ್ಣು ಗಂಡು ಕೂತಿದ್ದ ಜಾಗ. ಕುಮಾರನ ಮುಖವೂ ಹೆಚ್ಚುಕಡಿಮೆ ಮದುವಣಿಗನದೇ ಆಗಿತ್ತು. ಎದುರು ತಂಡ ಮಳವಳ್ಳಿ ಕಡೆಯದು. ಷಡ್ಡಕರಿಗೆ ಎದುರಾಗಿ ಕೂತವನು ಕರೆಂಟಿನ ಲೈನ್‌ಮ್ಯಾನ್, ಸುಮಾರು ಅವರದೇ ವಯಸ್ಸು, ಅವನ ಹೆಗಲ ಮೇಲೂ ಒಂದು ಟವಲು. ಅಷ್ಟರಲ್ಲೇ ನನಗೆ ಅನುಮಾನ ಬರಬೇಕಿತ್ತು.

ಕುಮಾರ ಗೆದ್ದ. ನಾನು ನನ್ನ ಪರಂಪರೆಯನ್ನು ಕಾಪಾಡಿಕೊಂಡೆ. ಎಲ್ಲವೂ ಷಡ್ಡಕರ ಮೇಲೆ ನಿಂತಿತು. ಪಕ್ಕದ ಟೇಬಲ್ಲಿನಿಂದ ಇಣುಕಿದೆ. ಷಡ್ಡಕರು ಚೆನ್ನಾಗಿಯೇ ಮುಂದಿದ್ದರು. ಆಗ ಲೈನ್‌ಮ್ಯಾನ್ ಟೇಬಲ್ಲಿನ ಮೇಲೆ ಒಂದು ಕಾರ್ಡು ಇಟ್ಟ. ಬೆಟ್ಟ, ಹೊಗೆ, ಗೂಳಿ!

ಷಡ್ಡಕರು ಕೈಯಲ್ಲಿದ್ದ ಕಾರ್ಡುಗಳನ್ನು ಬೋರಲು ಇಟ್ಟರು.

"ಇದರ ಜೋಡಿ ಎಲ್ಲಯ್ಯ?"

"ಇರಾದು ಒಂದೇ ಕಣಣ್ಣ."

"ಒಂಟಿ ಗೂಳಿ ಊಡಿದ್ದೀಯಲ್ಲ, ಮನ್ಸ ಏನಯ್ಯಾ ನೀನು?"

ಲೈನ್‌ಮ್ಯಾನ್ ನಕ್ಕ. "ನಮ್ ಮನೇಲಿರೋ ಎತ್ತೇ ಒಂಟಿ ಆಗೈತೆ, ಕಾರ್ಡಿಗೇನು ಬುಡಣ್ಣ."

"ಏನಾಯ್ತು ಜೋಡಿಗೆ?"

"ಗದ್ದೇಲಿ ಆವು ಕಡೀತು. ಉಳ್ದಿರಾದು ಸರ್ಯಾಗಿ ಮೇವು ತಿನ್ನಾಕಿಲ್ಲ. ಮಾರ್ಬುಡು ಅಂತವ್ರೆ ಎಲ್ಲ. ಎಂಗ್ ಮಾರಾನೆ?"

"ಯಾವ ಕಡೇದು ಉಳ್ದಿರಾದು?"

"ಎಡಗಡೇದು. ಬಲಕ್ಕೆ ಜಾಗ ಬುಟ್ಟು ನಿಂತ್ಕತದೆ ಕಣಣ್ಣ, ಅದ್ನೇ ನೋಡಾಕಾಗಾಕಿಲ್ಲ."

ಷಡ್ಡಕರು ಹೆಗಲ ಮೇಲಿನ ಟವಲು ತೆಗೆದು ಟೇಬಲ್ಲಿನ ಮೇಲೆ ಹಾಸಿದರು. ಅದರಡಿ ಇವರ ಬಲಗೈ ಹೋಯಿತು, ಅವನ ಬಲಗೈಯೂ ಹೋಯಿತು. ತಲೆಗೆ ತಲೆ ಕೂಡಿಸಿ ನನಗೆ ಕೇಳದಂತೆ ಏನೇನೋ ಪಿಸುಗುಟ್ಟಿಕೊಂಡರು, ಟವಲು ಅಲ್ಲಾಡತೊಡಗಿತು. ಲೈನ್‌ಮ್ಯಾನ್ ತಲೆ ಅಡ್ಡಡ್ಡ ಆಡಿಸುತ್ತಾನೆ, ಇವರು ಕಣ್ಣು ಬಿಡುತ್ತಾರೆ. ಅವನು "ಬ್ಯಾಡಣ್ಣ, ಸರ್ಯಾಗಾಕಿಲ್ಲ" ಎನ್ನುತ್ತಾನೆ, ಇವರು "ಸುಮ್ಕೆ ಇಡ್ಕೊಳಯ್ಯ" ಎಂದು ಗದರುತ್ತಾರೆ. ಭೀಮನಿಗೆ ಕೊನೆಗೂ ಒಂದು ಜೊತೆ ಕೊಳ್ಳುತ್ತಿದ್ದಾರೆ, ಬೆಲೆಗೆ ಎಳೆದಾಡುತ್ತಿದ್ದಾರೆ ಎಂದುಕೊಂಡೆ.

ಜಡ್ಜ್ ಎಂದು ಬೆನ್ನ ಮೇಲೆ ಬರೆದ ಕಪ್ಪು ಅಂಗಿ ತೊಟ್ಟ ಹೆಣ್ಣುಮಗಳೊಬ್ಬಳು ಓಡಿ ಬಂದಳು.

"ಸರ್, ಕೈ ಮೇಲೆ ತೋರಿಸಿ!"

"ವಸಿ ತಡಿ ಕಣವ್ವ, ವ್ಯಾಪಾರ ನಡೀತಾ ಐತೆ."

"ಮ್ಯಾಚ್ ನಡೀತಾ ಇದೆ ಸರ್! ಟವಲ್ ಕೆಳಗೆ ಏನಿದೆ?"

"ಕೈ ಐತೆ."

"ಕೈಯಲ್ಲಿ ಏನಿದೆ?"

"ಇವರ ಕೈ ಐತೆ."

"ಏನ್ ಮಾಡ್ತಾ ಇದ್ದೀರಾ ಅಂತ ಹೇಳ್ಲೇಬೇಕು ಸರ್. ಇಲ್ಲಾಂದ್ರೆ ಚೀಟಿಂಗ್ ಅಂತ ಬರ್ಕೋಬೇಕಾಗುತ್ತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೈನ್‌ಮ್ಯಾನ್ ಬಹಳ ವಿನಯದಿಂದ ಹೇಳಿದ: "ಟವಲ್ ಕೆಳಗಿನ ಮಾತ ಯೋಳಂಗಿಲ್ಲ ಕಣ್ ತಾಯಿ. ಬರ್ಕೊಳ್ಳಿ."

ಬರೆದುಕೊಂಡಳು. ಇಬ್ಬರೂ ಅನರ್ಹರು. ನಿಯಮದ ಪ್ರಕಾರ ಎರಡೂ ತಂಡ ಹೊರಗೆ. ನಾವು ಆರು ಜನ ಹೂವಿನ ಕಮಾನಿನಡಿ, ಮದುವೆ ಮುರಿದುಬಿದ್ದ ಎರಡು ದಿಬ್ಬಣಗಳ ಹಾಗೆ ನಿಂತೆವು. ಕುಮಾರ ಅಳುವುದೊಂದು ಬಾಕಿ. ಷಡ್ಡಕರು ಅವನ ಹೆಗಲು ತಟ್ಟಿ, ಜೇಬಿನಿಂದ ಕಾರ್ಡು ತೆಗೆದು ತೋರಿಸಿದರು. ಒಂದಲ್ಲ, ಎರಡು ಗೂಳಿ!

"ಜೋಡಿ ಸಿಕ್ತು ಕಣ್ಲಾ. ಇನ್ನು ಊಡು."

"ಎಲ್ಲಿಗ್ ಊಡ್ಲಿ ಅಣ್ಣಾ? ರೋಡಿಗಾ?" ಎಂದ ಕುಮಾರ.

ಆ ಎರಡನೆಯ ಗೂಳಿಗೆ ಏನು ಕೊಟ್ಟರೆಂಬುದು ನಮಗೆ ತಿಳಿದದ್ದು ಮುಂದಿನ ಭಾನುವಾರ. ಮಳವಳ್ಳಿಯಿಂದ ಒಂದು ಟೆಂಪೊ ಬಂದು ಅವರ ಮನೆಯ ಮುಂದೆ ನಿಂತಿತು. ಕುಮಾರನ ಫೋನು ಬಂದು ನಾನು ಮಂಡ್ಯದಿಂದ ಓಡುವಷ್ಟರಲ್ಲಿ ಭೀಮನನ್ನು ಹತ್ತಿಸಿಯಾಗಿತ್ತು. ಅಕ್ಕ ಬೀದಿಯಲ್ಲಿ ನಿಂತು ಊರಿಗೇ ಕೇಳುವಂತೆ ಹೇಳುತ್ತಿದ್ದರು: "ನೋಡಿ ಮೇಷ್ಟ್ರೇ, ನಿಮ್ ಷಡ್ಡಕರ ಬುದ್ಧಿವಂತ್ಕೆಯ! ಎತ್ತು ಕೊಟ್ಟು ರಟ್ಟು ತಂದವ್ರೆ!" ಹೇಳುತ್ತ ಹೇಳುತ್ತಲೇ ಭೀಮನ ಬಾಯಿಗೆ ಸೆರಗಿನಲ್ಲಿದ್ದ ಬೆಲ್ಲ ಇಡುತ್ತಿದ್ದರು.

ಟೆಂಪೊ ಹತ್ತುವ ಮುನ್ನ ಲೈನ್‌ಮ್ಯಾನ್ ನನ್ನನ್ನು ಪಕ್ಕಕ್ಕೆ ಕರೆದ. "ಟವಲ್ ಕೆಳಗಿನ ಮಾತ ಯೋಳಬಾರ್ದು ಮೇಷ್ಟ್ರೇ, ಆದ್ರೂ ಯೋಳ್ತೀನಿ, ನಂಗೆ ತಡೆಯಾಕಾಯ್ತಿಲ್ಲ. ನನ್ ಎತ್ತನ್ನೇ ಇವರಿಗೆ ಕೊಡಾನ ಅಂದ್ಕಂಡೆ, ಒಪ್ಲಿಲ್ಲ. ನನ್ನ ಕಬ್ಬಿನ್ ಗದ್ದೆಗೆ ಟ್ರ್ಯಾಕ್ಟ್ರು ಬತ್ತದೆ, ನಿನ್ನತ್ರ ಉಳೋ ಒಲ ಐತೆ, ಎತ್ತು ಅಲ್ಲಿರ್ಬೇಕು ಅಂದ್ರು. ಸರಿ ಅಂತ ನಾನು ಬೆಲೆಗೆ ಬೆರಳು ಇಡ್ದೆ. ಕೊಳ್ಳೋನು ನಾನು ಏರುಸ್ತಾವ್ನಿ, ಮಾರೋರು ಅವರು ನನ್ನ ಬೆರಳ ಒಂದೊಂದೇ ಮಡಚ್ತಾವ್ರೆ! ನಾನು ಬಿಚ್ಚಾದು, ಅವರು ಮಡಚಾದು. ಕೊನೆಗೆ ನನ್ ಕೈಯ ಮುಷ್ಟಿ ಮಾಡಿ, ಮ್ಯಾಲೆ ಅವರ ಕೈ ಮುಚ್ಬುಟ್ರು. ಎಷ್ಟು ವರ್ಸ ವ್ಯಾಪಾರ ನೋಡಿವ್ನಿ, ಅಂತ ಬೆಲೆ ಕಂಡಿಲ್ಲ."

"ಮತ್ತೆ ಆ ಕಾರ್ಡು?"

"ಎತ್ತ ಬಿಟ್ಟಿ ಈಸ್ಕಂಡೋದ್ರೆ ಮನೇಲಿ ನಿಲ್ಲಾಕಿಲ್ಲ ಅಂದೆ. ಅದ್ಕೆ ಅದ ಕೊಡು ಅಂದ್ರು."

ಟೆಂಪೊ ಹೊರಟಿತು. ಭೀಮ ಟೆಂಪೊದಲ್ಲಿಯೂ ಎಡಕ್ಕೆ ಜಾಗ ಬಿಟ್ಟು ನಿಂತಿತ್ತು. ಸಂಜೆಗೆ ಲೈನ್‌ಮ್ಯಾನ್ ಷಡ್ಡಕರ ಫೋನಿಗೆ ಒಂದು ವಿಡಿಯೊ ಕಳಿಸಿದ. ಎರಡು ಎತ್ತು, ಮೇವಿನ ಒಂದೇ ಗೋದಲಿ. ಯಾವುದೂ ಯಾವುದನ್ನೂ ನೋಡುತ್ತಿರಲಿಲ್ಲ. ಆದರೆ ಗೋದಲಿ ಪೂರ್ತಿ ಖಾಲಿಯಾಗಿತ್ತು. ಷಡ್ಡಕರು ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿ, ಫೋನು ನನ್ನ ಕೈಗೆ ಕೊಟ್ಟು, "ಅವನ ಎತ್ತಿನ ಬೆನ್ನ ಮ್ಯಾಲೆ ಒಂದು ಸುಳಿ ಸರಿಗಿಲ್ಲ" ಎಂದರು. ಫೋನು ಮತ್ತೆ ಕಿತ್ತುಕೊಂಡು ಇನ್ನೊಮ್ಮೆ ನೋಡಿ, "ಓಗ್ಲಿ ಬುಡಿ" ಎಂದರು.

ಆಮೇಲೆ ಅಭ್ಯಾಸದಂತೆ ಎದ್ದು, ಟವಲು ಹೆಗಲಿಗೆ ಹಾಕಿಕೊಂಡು ನಾಲೆ ಏರಿಯ ಕಡೆ ಹೊರಟರು. ನಾನೂ ಹಿಂದೆ ಹೋದೆ. ಏರಿ ಅಗಲವಾಗಿತ್ತು, ಯಾರೂ ಇರಲಿಲ್ಲ. ಆದರೂ ಅವರು ನೀರಿಗೆ ಬೀಳುವ ಹಾಗೆ ಎಡದ ಅಂಚಿನಲ್ಲೇ ನಡೆಯುತ್ತಿದ್ದರು, ಬಲಕ್ಕೆ ಒಂದು ಎತ್ತಿನ ಜಾಗ ಬಿಟ್ಟುಕೊಂಡು. ಬಲಗೈ ಹಗ್ಗ ಹಿಡಿದಂತೆ ಅರ್ಧ ಮಡಚಿಕೊಂಡೇ ಇತ್ತು.

ಮುಂಗಾಲು ಸ್ವಲ್ಪ ವೀಕಾದರೂ ಹೆಜ್ಜೆ ಬಿರುಸು ಮಾಡಿ ಹೋಗಿ ಆ ಜಾಗದಲ್ಲಿ ಸೇರಿಕೊಂಡೆ. ಅವರು ನನ್ನ ಕಡೆ ತಿರುಗಿ ನೋಡಲಿಲ್ಲ. ಹೆಗಲಿಗೆ ಹೆಗಲು ತಗುಲಿತು. ಪಕ್ಕದ ಸೂಳೆಕೆರೆ ಕಡೆಯಿಂದ ಗಾಳಿ ಬೀಸುತ್ತಿತ್ತು. ಇಬ್ಬರೂ ಅದೇ ನಡಿಗೆಯಲ್ಲಿ ತೂಬಿನವರೆಗೂ ಹೋಗಿ, ಅಲ್ಲಿಂದ ಒಟ್ಟಿಗೇ ತಿರುಗಿದೆವು.